ಸಹಾಯ ಬೇಕು: ಕಾಲುವೆ ದೋಣಿಯ ಒಲೆಗೆ ಯಾವ ಕಲ್ಲಿದ್ದಲು?
ಇಂಗ್ಲೆಂಡಿನಲ್ಲಿ ನ್ಯಾರೋಬೋಟ್‌ನಲ್ಲೇ (ಕಾಲುವೆಯ ಕಿರಿದಾದ, ಉದ್ದನೆಯ ದೋಣಿ) ವಾಸವಿರುವ ಕನ್ನಡಿಗರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಒಲೆ ಎರಕದ ಕಬ್ಬಿಣದ್ದು, 5 ಕಿಲೋವ್ಯಾಟ್. ಹೊಗೆ ಕೊಳವೆ ಗಿಡ್ಡ. ರಾತ್ರಿ ಗಾಳಿಕಿಂಡಿ ಕಿರಿದು ಮಾಡಿದರೂ ಬೆಳಗಿನವರೆಗೆ ಕೆಂಡ ಉಳಿಯಬೇಕು.

ಬರೀ ಸೌದೆ ಆಗಲ್ಲ. ಬೇಗ ಉರಿದುಹೋಗುತ್ತದೆ, ಗಾಳಿ ತಗ್ಗಿಸಿದರೆ ಕೊಳವೆಯೊಳಗೆ ಡಾಂಬರು ಕಟ್ಟಿ, ಹೊರಗೆ ಚಾವಣಿ ಮೇಲೆ ಕಂದು ನೀರು ಸೋರುತ್ತದೆ. ಹೊಗೆ ಬಿಡುವ ಮಾಮೂಲಿ ಮನೆ ಕಲ್ಲಿದ್ದಲಿನ ಮಾರಾಟ 2023ರಲ್ಲೇ ನಿಂತಿದೆ.

ಆಂಥ್ರಸೈಟ್ (ಹೊಗೆ ಕಡಿಮೆಯ ಗಟ್ಟಿ ಕಲ್ಲಿದ್ದಲು) ಹೊತ್ತಿಕೊಳ್ಳುವುದು ನಿಧಾನ, ಕೊಳವೆಯ ಗಾಳಿ ಎಳೆತ ಜೋರಿರಬೇಕು. ಗಿಡ್ಡ ಕೊಳವೆಗೆ ಹೊಂದುತ್ತದೆಯೇ? ಇನ್ನು ಪುಡಿ ಒತ್ತಿ ಮಾಡಿದ ಹೊಗೆರಹಿತ ಇಂಧನದ ಉಂಡೆಗಳಲ್ಲಿ ಪೆಟ್‌ಕೋಕ್ (ಕಚ್ಚಾ ತೈಲ ಸಂಸ್ಕರಿಸಿದಾಗ ಉಳಿಯುವ ಇಂಗಾಲ) ಹೆಚ್ಚಿದ್ದರೆ ಬೂದಿ ಕಡಿಮೆ, ಶಾಖ ವಿಪರೀತ. ಜಾಲರಿ ಮೇಲೆ ಬೂದಿ ಹಾಸಿಲ್ಲದೆ ಕಬ್ಬಿಣ ಬಾಗುತ್ತದೆ. ಹಾಗಾಗದ ಉಂಡೆ ಯಾವುದು? 25 ಕೆಜಿ ಚೀಲ ಎಷ್ಟು ದಿನ ಬರುತ್ತದೆ ಅಂತಲೂ ತಿಳಿಸಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿದೆ.