ಅಂಬಾಸಿಡರ್ ಕ್ರ್ಯಾಂಕ್ ಪುಲ್ಲಿ ಅಲುಗಾಡುತ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರು, ಸರಸ್ವತಿಪುರಂ. ಅಪ್ಪನ ಕಾಲದ ಅಂಬಾಸಿಡರ್ ಇದೆ, 1489 ಸಿಸಿ ಪೆಟ್ರೋಲ್ ಇಂಜಿನ್. ಐಡ್ಲಿಂಗ್‌ನಲ್ಲಿ ಮುಂಭಾಗದಿಂದ ಟಕ್ ಟಕ್ ಅಂತ ಸದ್ದು ಬರುತ್ತದೆ, ಆಕ್ಸಿಲರೇಟರ್ ಕೊಟ್ಟರೆ ಜಾಸ್ತಿ.

ಮೊದಲು ವಾಟರ್ ಪಂಪ್ ಬೇರಿಂಗ್ ಅಂದುಕೊಂಡೆವು. ಫ್ಯಾನ್ ಬೆಲ್ಟ್ ಬಿಚ್ಚಿ ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿಟ್ಟರೂ ಸದ್ದು ಹಾಗೇ ಇತ್ತು. ಅಂದರೆ ಪಂಪೂ ಅಲ್ಲ, ಡೈನಮೋನೂ ಅಲ್ಲ, ಅಲ್ವಾ? ಇಂಜಿನ್ ಆಫ್ ಮಾಡಿ ಕೆಳಗಿನ ಕ್ರ್ಯಾಂಕ್ ಪುಲ್ಲಿ (ಇಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್‌ನ ತುದಿಯಲ್ಲಿ ಕೂತು ಫ್ಯಾನ್ ಬೆಲ್ಟ್ ತಿರುಗಿಸುವ ಚಕ್ರ) ಹಿಡಿದು ಆಡಿಸಿದರೆ ಅದು ಮಾತ್ರ ಹಿಂದೆ ಮುಂದೆ ಕೊಂಚ ತಿರುಗುತ್ತದೆ, ಕ್ರ್ಯಾಂಕ್ ಜಗ್ಗುವುದಿಲ್ಲ. ಪುಲ್ಲಿಯನ್ನು ಬಿಗಿಯುವ, ಸ್ಟಾರ್ಟಿಂಗ್ ಹ್ಯಾಂಡಲ್ ಕೂರುವ ದೊಡ್ಡ ಬೋಲ್ಟನ್ನು ಹೊಸ ಲಾಕ್ ವಾಷರ್ ಹಾಕಿ ಟೈಟ್ ಮಾಡಿಸಿದೆ. ರಿಂಗ್ ರೋಡಲ್ಲಿ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಮತ್ತೆ ಅದೇ ಕಥೆ.

ಒಬ್ಬ ಮೆಕ್ಯಾನಿಕ್, ಪುಲ್ಲಿ ಮತ್ತು ಒಳಗಿನ ಅರ್ಧಚಂದ್ರದ ಕೀ (ಪುಲ್ಲಿ ಕ್ರ್ಯಾಂಕ್ ಮೇಲೆ ಜಾರದಂತೆ ಹಿಡಿಯುವ ಸಣ್ಣ ಲೋಹದ ತುಂಡು) ಬದಲಿಸಿದರೆ ಸಾಕು ಅನ್ನುತ್ತಾರೆ. ಇನ್ನೊಬ್ಬರು ಕ್ರ್ಯಾಂಕ್‌ನಲ್ಲಿ ಕೀ ಕೂರುವ ಕಚ್ಚೇ ಸವೆದಿದೆ, ಇಂಜಿನ್ ಇಳಿಸಲೇಬೇಕು ಅಂತಾರೆ. ಅದೂ ಬಿಚ್ಚಿ ನೋಡದೇ! ಟೈಮಿಂಗ್ (ಸ್ಪಾರ್ಕ್ ಯಾವ ಕ್ಷಣಕ್ಕೆ ಬರಬೇಕು ಅನ್ನುವ) ಗುರುತು ಪುಲ್ಲಿ ಮೇಲೇ ಇರುವುದರಿಂದ ಸದ್ಯಕ್ಕೆ ಅದನ್ನೂ ನಂಬುವ ಹಾಗಿಲ್ಲ.

ನನ್ನ ಪ್ರಶ್ನೆ ಇಷ್ಟೇ. ರೇಡಿಯೇಟರ್ ತೆಗೆದು ಪುಲ್ಲಿ ಹೊರಗೆಳೆದ ಮೇಲೆ, ಸವೆದಿರುವುದು ಕೀ, ಪುಲ್ಲಿಯೋ ಅಥವಾ ಕ್ರ್ಯಾಂಕ್‌ನ ಕಚ್ಚೋ ಅಂತ ಪತ್ತೆ ಮಾಡುವುದು ಹೇಗೆ? ಹೊಸ ಕೀ ಕೂರಿಸಿದಾಗಲೂ ಸ್ವಲ್ಪ ಆಡಿದರೆ, ಇಂಜಿನ್ ಇಳಿಸದೆ ಸರಿ ಮಾಡಿಸಿದವರು ಯಾರಾದರೂ ಇದ್ದೀರಾ?