ಬಳಕೆ ಮುಗಿದ ಕೂಡಲೇ ಆಬ್ಜೆಕ್ಟ್ ನಾಶವಾಗಬೇಕೇ? ವರ್ಚುವಲ್ ಮೆಷೀನ್ ಕಟ್ಟಿದವರ ಅನುಭವ ಬೇಕಾಗಿದೆ

ಕೋರಿಕೆ

ನಾನು ಒಂದು ಪುಟ್ಟ ಸ್ಕ್ರಿಪ್ಟಿಂಗ್ ಭಾಷೆಗಾಗಿ ವರ್ಚುವಲ್ ಮೆಷೀನ್ (ಆ ಭಾಷೆಯ ಪ್ರೋಗ್ರಾಂಗಳನ್ನು ಓಡಿಸುವ ತಂತ್ರಾಂಶ) ಬರೆಯುತ್ತಿದ್ದೇನೆ. ಅದರ ಗಾರ್ಬೇಜ್ ಕಲೆಕ್ಟರ್ (ಬಳಕೆಯಲ್ಲಿಲ್ಲದ ಮೆಮೊರಿಯನ್ನು ತೆರವು ಮಾಡುವ ಭಾಗ) ಸರಳವಾದ ಮಾರ್ಕ್-ಸ್ವೀಪ್ ಮಾದರಿಯದು. ಸ್ಟ್ಯಾಕ್ ಮತ್ತು ಗ್ಲೋಬಲ್‌ಗಳಿಂದ ಹೊರಟು ತಲುಪಬಹುದಾದ ಆಬ್ಜೆಕ್ಟ್‌ಗಳಿಗೆಲ್ಲ ಗುರುತು ಹಾಕಿ, ಗುರುತು ಬೀಳದವುಗಳ ಜಾಗವನ್ನು ತೆರವು ಮಾಡುತ್ತದೆ. ಮೆಮೊರಿಯ ಮಟ್ಟಿಗೆ ಯಾವ ತೊಂದರೆಯೂ ಇಲ್ಲ. ಆದರೆ ಫೈಲ್, ಸಾಕೆಟ್, ಡೇಟಾಬೇಸ್ ಕನೆಕ್ಷನ್ ಹಿಡಿದಿರುವ ಆಬ್ಜೆಕ್ಟ್‌ಗಳು ಬಳಕೆ ಮುಗಿದ ಕೂಡಲೇ ತಾವೇ ಮುಚ್ಚಿಕೊಳ್ಳಬೇಕೆಂದು ಭಾಷೆಯನ್ನು ಬಳಸಿ ನೋಡುತ್ತಿರುವವರು ಕೇಳುತ್ತಿದ್ದಾರೆ. ಇದಕ್ಕಾಗಿ, ಒಂದು ಆಬ್ಜೆಕ್ಟ್ ಅನ್ನು ಎಷ್ಟು ಕಡೆಯಿಂದ ಹಿಡಿಯಲಾಗಿದೆಯೆಂದು ಎಣಿಸುವ ರೆಫರೆನ್ಸ್ ಕೌಂಟಿಂಗ್‌ಗೆ ಹೊರಳುವುದು ಒಳ್ಳೆಯದೇ, ಅಥವಾ ಈಗಿರುವ ಕಲೆಕ್ಟರ್‌ಗೆ ಫೈನಲೈಸರ್ (ಆಬ್ಜೆಕ್ಟ್ ತೆರವಾಗುವ ಮುನ್ನ ಓಡುವ ಕೋಡ್) ಸೇರಿಸಿದರೆ ಸಾಕೇ? ಎರಡನ್ನೂ ಬಳಸಿದವರು ದಯವಿಟ್ಟು ತಿಳಿಸಬೇಕು.

ಪೈಥಾನ್‌ಗೆ ಸಿ ಭಾಷೆಯಲ್ಲಿ ಎಕ್ಸ್‌ಟೆನ್ಶನ್ ಬರೆಯುವವರ ಉತ್ತರ

ರೆಫರೆನ್ಸ್ ಕೌಂಟಿಂಗ್ ನೀವು ಕೇಳುತ್ತಿರುವುದನ್ನು ಕೊಡುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಪೈಥಾನ್‌ನ ಮುಖ್ಯ ಅನುಷ್ಠಾನವಾದ ಸಿ-ಪೈಥಾನ್‌ನಲ್ಲಿ ಎಣಿಕೆ ಸೊನ್ನೆಗೆ ಇಳಿದ ಕ್ಷಣದಲ್ಲೇ ಆಬ್ಜೆಕ್ಟ್ ನಾಶವಾಗುತ್ತದೆ, ಫೈಲ್ ಮುಚ್ಚಿಕೊಳ್ಳುತ್ತದೆ. ಎರಡು ಆಬ್ಜೆಕ್ಟ್‌ಗಳು ಒಂದನ್ನೊಂದು ಹಿಡಿದುಕೊಂಡಾಗ ಮಾತ್ರ ಎಣಿಕೆ ಎಂದಿಗೂ ಸೊನ್ನೆಯಾಗುವುದಿಲ್ಲ. ಅದಕ್ಕೆಂದೇ 2000ದಲ್ಲಿ ಬಂದ ಪೈಥಾನ್ 2.0 ಆವೃತ್ತಿಯಲ್ಲಿ ಇಂಥ ಸುತ್ತುಗಳನ್ನು ಹುಡುಕುವ ಪ್ರತ್ಯೇಕ ಕಲೆಕ್ಟರ್ ಸೇರಿಸಬೇಕಾಯಿತು. ಸುತ್ತಿನೊಳಗಿನ ಆಬ್ಜೆಕ್ಟ್‌ಗೆ ಡಿಸ್ಟ್ರಕ್ಟರ್ (ನಾಶವಾಗುವಾಗ ಓಡುವ ಕೋಡ್) ಇದ್ದರೆ ಯಾವುದನ್ನು ಮೊದಲು ನಾಶ ಮಾಡಬೇಕೆಂಬುದು ತೀರ್ಮಾನವಾಗದೆ, ಅವನ್ನು ಒಂದು ಪಟ್ಟಿಗೆ ಸೇರಿಸಿ ಹಾಗೆಯೇ ಬಿಟ್ಟುಬಿಡುವ ಪದ್ಧತಿ ಬಹುಕಾಲ ನಡೆಯಿತು. 2014ರ ಪೈಥಾನ್ 3.4 ಆವೃತ್ತಿಯಲ್ಲಷ್ಟೇ ಇದು ಸರಿಹೋಯಿತು.

ಎಣಿಕೆಯ ವೆಚ್ಚವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪ್ರತಿ ಪಾಯಿಂಟರ್ ನಕಲಿಗೂ ಒಂದು ಬರವಣಿಗೆ ಸೇರುತ್ತದೆ, ಮತ್ತು ಹಲವು ಥ್ರೆಡ್‌ಗಳಿದ್ದರೆ ಆ ಬರವಣಿಗೆ ಅಟಾಮಿಕ್ (ಬೇರೆ ಥ್ರೆಡ್ ನಡುವೆ ನುಸುಳಲಾಗದಂಥದು) ಆಗಿರಬೇಕಾಗುತ್ತದೆ. ಪೈಥಾನ್ ದಶಕಗಳ ಕಾಲ ಒಂದೇ ದೊಡ್ಡ ಲಾಕ್‌ನ ಆಸರೆಯಲ್ಲಿ ಇದ್ದುದಕ್ಕೆ ಇದು ಒಂದು ಮುಖ್ಯ ಕಾರಣ. 2024ರ 3.13 ಆವೃತ್ತಿಯಲ್ಲಿ ಪ್ರಾಯೋಗಿಕವಾಗಿ ಆ ಲಾಕ್ ತೆಗೆಯಲು ಎಣಿಕೆಯ ವಿಧಾನವನ್ನೇ ಬದಲಿಸಬೇಕಾಯಿತು.

ಇನ್ನೊಂದು ಮಾತು. ಡಿಸ್ಟ್ರಕ್ಟರ್ ತಕ್ಷಣ ಓಡುತ್ತದೆಂದು ಜನ ಒಮ್ಮೆ ನಂಬಿದರೆ, ಅದು ಭಾಷೆಯ ನಿಯಮವೇ ಆಗಿಬಿಡುತ್ತದೆ. ಪೈಥಾನ್‌ನ ಇನ್ನೊಂದು ಅನುಷ್ಠಾನವಾದ ಪೈಪೈ ರೆಫರೆನ್ಸ್ ಕೌಂಟ್ ಇಡುವುದಿಲ್ಲ. ಹೀಗಾಗಿ ಫೈಲ್ ಮುಚ್ಚದೆ ಬರೆದಿದ್ದ ಎಷ್ಟೋ ಪ್ರೋಗ್ರಾಂಗಳು ಅಲ್ಲಿ ತಿಣುಕಿದವು.

ಪರ್ಲ್ ಮತ್ತು ಪ್ಯಾರಟ್ ಬೆಳವಣಿಗೆಯನ್ನು ಗಮನಿಸುತ್ತಾ ಬಂದವರ ಉತ್ತರ

ನಿಮ್ಮ ಪ್ರಶ್ನೆಯನ್ನೇ ಎದುರಿಸಿದ ಯೋಜನೆಯೊಂದಿದೆ. ಪರ್ಲ್ 5 ಎಣಿಕೆಯನ್ನು ನೆಚ್ಚಿದ ಭಾಷೆಯಾದ್ದರಿಂದ, ಬ್ಲಾಕ್ ಮುಗಿಯುತ್ತಲೇ ಡಿಸ್ಟ್ರಕ್ಟರ್ ಓಡುವುದು ಅದರ ಬಳಕೆದಾರರಿಗೆ ರೂಢಿಯಾಗಿತ್ತು. ಪರ್ಲ್ 6ಕ್ಕಾಗಿ ಹೊರಟ ಪ್ಯಾರಟ್ ವರ್ಚುವಲ್ ಮೆಷೀನ್ ಎಣಿಕೆಯನ್ನು ಬಿಟ್ಟು, ನಿಮ್ಮದರಂತೆ ತಲುಪಬಹುದಾದವನ್ನು ಹುಡುಕುವ ಟ್ರೇಸಿಂಗ್ ಕಲೆಕ್ಟರ್ ಆರಿಸಿಕೊಂಡಿತು. ಆದರೂ ಆ ರೂಢಿಯನ್ನು ಉಳಿಸಿಕೊಡಲು ಯತ್ನಿಸಿತು. ತಕ್ಷಣ ನಾಶವಾಗಬೇಕಾದ ಆಬ್ಜೆಕ್ಟ್ ಒಂದಾದರೂ ಜೀವಂತವಾಗಿದ್ದರೆ ಬ್ಲಾಕ್‌ನಿಂದ ಹೊರಬರುವಾಗ ಮಾರ್ಕ್ ಹಂತವನ್ನು ಓಡಿಸುವುದು, ಅಂಥ ಆಬ್ಜೆಕ್ಟ್‌ಗಳೆಲ್ಲ ಬದುಕಿವೆಯೆಂದು ಖಚಿತವಾದ ಕೂಡಲೇ ಹುಡುಕಾಟವನ್ನು ಅರ್ಧಕ್ಕೇ ನಿಲ್ಲಿಸುವುದು ಅದರ ಉಪಾಯ. ಜಾಣ ಉಪಾಯವೇ ಹೌದು. ಆದರೆ ಒಂದು ಆಬ್ಜೆಕ್ಟ್ ನಿಜವಾಗಿ ಸತ್ತಿದೆಯೆಂದು ಹೇಳಲು ಇಡೀ ಹೀಪ್ (ಆಬ್ಜೆಕ್ಟ್‌ಗಳಿರುವ ಮೆಮೊರಿ) ನೋಡದೆ ವಿಧಿಯಿಲ್ಲ. ಒಂದು ಲೂಪ್‌ನೊಳಗೆ ಇಂಥ ಬ್ಲಾಕ್ ಬಂದರೆ ಹೀಪ್ ಬೆಳೆದಂತೆಲ್ಲ ಪ್ರತಿ ಸುತ್ತೂ ನಿಧಾನವಾಗುತ್ತದೆ. ಪರ್ಲ್ 6 ಈಗ ರಾಕು ಎಂಬ ಹೆಸರಿನಲ್ಲಿ, ಮೋರ್‌ವಿಎಂ ಎಂಬ ವರ್ಚುವಲ್ ಮೆಷೀನ್ ಮೇಲೆ ನಡೆಯುತ್ತಿದೆ. ಅಲ್ಲಿ ಡಿಸ್ಟ್ರಕ್ಟರ್ ಯಾವಾಗ ಓಡುತ್ತದೆಂಬ ಭರವಸೆಯನ್ನು ಭಾಷೆ ಕೊಡುವುದೇ ಇಲ್ಲ. ಬ್ಲಾಕ್‌ನಿಂದ ಹೊರಬರುವಾಗ ಮಾಡಬೇಕಾದ ಕೆಲಸವನ್ನು ಬರೆಯಲು ಬೇರೆಯೇ ಸೌಲಭ್ಯವಿದೆ. ಈ ಹಾದಿಯನ್ನು ಮತ್ತೆ ತುಳಿಯಬೇಡಿ ಎಂಬುದು ನನ್ನ ಕಳಕಳಿಯ ಸಲಹೆ.

ಜಾವಾ ಸರ್ವರ್‌ಗಳನ್ನು ನೋಡಿಕೊಳ್ಳುವವರ ಉತ್ತರ

ಫೈನಲೈಸರ್ ಒಂದನ್ನೇ ನಂಬಿದರೆ ಏನಾಗುತ್ತದೆ ಎಂಬುದನ್ನು ಕೆಲಸದ ಸ್ಥಳದಲ್ಲಿ ಹತ್ತಿರದಿಂದ ಕಂಡಿದ್ದೇನೆ. ಹೀಪ್‌ನಲ್ಲಿ ಧಾರಾಳ ಜಾಗವಿದ್ದರೂ ಸರ್ವರ್ ಹೊಸ ಕನೆಕ್ಷನ್‌ಗಳನ್ನು ನಿರಾಕರಿಸುತ್ತಿತ್ತು, ಏಕೆಂದರೆ ಆ ಪ್ರೋಸೆಸ್‌ಗೆ ಮೀಸಲಾದ ಫೈಲ್ ಡಿಸ್ಕ್ರಿಪ್ಟರ್‌ಗಳು (ತೆರೆದ ಫೈಲ್, ಸಾಕೆಟ್‌ಗಳಿಗೆ ಸಿಸ್ಟಂ ಕೊಡುವ ಸಂಖ್ಯೆಗಳು) ಮುಗಿದಿದ್ದವು. ಕಲೆಕ್ಟರ್ ಓಡುವುದು ಮೆಮೊರಿ ಕಡಿಮೆಯಾದಾಗ. ಡಿಸ್ಕ್ರಿಪ್ಟರ್ ಕಡಿಮೆಯಾದದ್ದು ಅದಕ್ಕೆ ತಿಳಿಯುವುದೇ ಇಲ್ಲ. ಲಿನಕ್ಸ್‌ನಲ್ಲಿ ಒಂದು ಪ್ರೋಸೆಸ್‌ಗೆ ಸಾಮಾನ್ಯವಾಗಿ ಸಿಗುವ ಆರಂಭದ ಮಿತಿ 1024. ಹೀಪ್ ಗಿಗಾಬೈಟ್‌ಗಳಷ್ಟು ದೊಡ್ಡದಾಗಿದ್ದರೆ, ಅದು ತುಂಬುವ ಎಷ್ಟೋ ಮೊದಲೇ ಆ ಮಿತಿ ಮುಗಿದಿರುತ್ತದೆ. ಹೀಪ್ ಹೆಚ್ಚಿಸಿದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ ಎಂಬುದನ್ನು ಮೇಲಿನವರಿಗೆ ಮನದಟ್ಟು ಮಾಡಿಸಲು ಬಹಳ ಹೆಣಗಬೇಕಾಯಿತು.

ಫೈನಲೈಸರ್‌ನ ಒಳಗಿನ ತೊಡಕುಗಳೂ ಕಡಿಮೆಯಲ್ಲ. ಅದು ಓಡಬೇಕಾದರೆ ಆಬ್ಜೆಕ್ಟ್ ಜೀವಂತವಾಗಿರಬೇಕು, ಹಾಗಾಗಿ ಅದರ ಮೆಮೊರಿ ಮರಳಿ ಸಿಗಲು ಕನಿಷ್ಠ ಇನ್ನೊಂದು ಸುತ್ತು ಕಾಯಬೇಕು. ಓಡುವಾಗ ಅದು ತನ್ನನ್ನು ಒಂದು ಗ್ಲೋಬಲ್‌ನಲ್ಲಿ ಇರಿಸಿಕೊಂಡರೆ, ಸತ್ತ ಆಬ್ಜೆಕ್ಟ್ ಮತ್ತೆ ಬದುಕಿತೆಂದೇ ಅರ್ಥ. ಇವೆರಡಕ್ಕಿಂತ ಹೆಚ್ಚು ಗಂಭೀರವಾದುದು ಲಾಕ್‌ಗಳ ವಿಷಯ. ಕಂಪ್ಯೂಟರ್ ವಿಜ್ಞಾನಿ ಹಾನ್ಸ್ ಬೋಮ್ ಅವರು 2003ರ ಪ್ರಬಂಧವೊಂದರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದ್ದಾರೆ. ಅಲೊಕೇಶನ್ (ಹೊಸ ಮೆಮೊರಿ ಪಡೆಯುವ ಕೆಲಸ) ನಡುವೆ ಅದೇ ಥ್ರೆಡ್‌ನಲ್ಲಿ ಫೈನಲೈಸರ್ ಓಡಿಸಿದರೆ, ಆ ಥ್ರೆಡ್ ಈಗಾಗಲೇ ಹಿಡಿದಿರುವ ಲಾಕ್ ಫೈನಲೈಸರ್‌ಗೂ ಬೇಕಾಗಬಹುದು. ಆಗ ಎಲ್ಲವೂ ಸಿಕ್ಕಿ ನಿಲ್ಲುತ್ತದೆ, ಇಲ್ಲವೇ ಅರ್ಧ ಬದಲಾದ ಡೇಟಾ ಫೈನಲೈಸರ್ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ನೀವು ಫೈನಲೈಸರ್ ಕೊಡುವುದೇ ಆದರೆ ಕಲೆಕ್ಟರ್ ಅವನ್ನು ಸರದಿಗೆ ಸೇರಿಸಿ ಸುಮ್ಮನಾಗಲಿ; ಓಡಿಸುವ ಕೆಲಸ ಬೇರೆ ಥ್ರೆಡ್‌ನದ್ದಾಗಲಿ.

ಜಾವಾ ಕೊನೆಗೆ ಎರಡು ಕೆಲಸಗಳನ್ನು ಬೇರ್ಪಡಿಸಿತು. 2011ರ ಜಾವಾ 7ರಲ್ಲಿ ಬಂದ ಟ್ರೈ-ವಿತ್-ರಿಸೋರ್ಸಸ್, ಬ್ಲಾಕ್ ಮುಗಿಯುವಾಗ ಎಕ್ಸೆಪ್ಶನ್ ಎದ್ದರೂ ಏಳದಿದ್ದರೂ ಮುಚ್ಚುವ ಕೆಲಸ ಮಾಡುತ್ತದೆ. 2017ರ ಜಾವಾ 9ರಲ್ಲಿ ಫೈನಲೈಸ್ ಮೆಥಡ್ ಬಳಸಬಾರದೆಂಬ ಸೂಚನೆ ಬಂತು, 2022ರ ಜಾವಾ 18ರಲ್ಲಿ ಅದನ್ನು ಮುಂದೆ ತೆಗೆದುಹಾಕಲಾಗುವುದೆಂದು ಸಾರಲಾಯಿತು. ಅದರ ಬದಲಿಗೆ ಬಂದ ಕ್ಲೀನರ್‌ನಲ್ಲಿ ಶುಚಿ ಮಾಡುವ ಕೋಡ್‌ಗೆ ಆಬ್ಜೆಕ್ಟ್ ಸಿಗುವುದಿಲ್ಲ, ಡಿಸ್ಕ್ರಿಪ್ಟರ್ ಸಂಖ್ಯೆಯಂಥ ಬೇಕಾದ ಮಾಹಿತಿ ಮಾತ್ರ ಸಿಗುತ್ತದೆ. ಸತ್ತದ್ದು ಮತ್ತೆ ಬದುಕುವ ಪ್ರಶ್ನೆಯೇ ಇದರಿಂದ ಇಲ್ಲವಾಗುತ್ತದೆ. ಗೋ ಭಾಷೆಯೂ 2025ರ 1.24 ಆವೃತ್ತಿಯಲ್ಲಿ ಇದೇ ಬಗೆಯ ಏರ್ಪಾಡನ್ನು ತಂದಿದೆ. ಹೊಸದಾಗಿ ಕಟ್ಟುತ್ತಿರುವ ನಿಮಗೆ ಮೊದಲಿನಿಂದಲೇ ಹೀಗೆ ಮಾಡುವ ಅವಕಾಶವಿದೆ.

ಕೋರಿಕೆ ಇಟ್ಟವರ ಮರುಪ್ರಶ್ನೆ

ಎಲ್ಲರಿಗೂ ಕೃತಜ್ಞತೆಗಳು. ಮಾರ್ಕ್-ಸ್ವೀಪ್ ಉಳಿಸಿಕೊಂಡು, ಬ್ಲಾಕ್‌ಗೆ ಕಟ್ಟಿದ ಮುಚ್ಚುವಿಕೆಯನ್ನು ಸೇರಿಸುವುದು ಸರಿಯೆಂದು ತೋರುತ್ತಿದೆ. ಆದರೆ ನನ್ನ ಭಾಷೆಯಲ್ಲಿ ಕೊರೂಟೀನ್‌ಗಳಿವೆ, ಅಂದರೆ ನಡುವೆ ನಿಂತು ಮತ್ತೆ ಮುಂದುವರಿಯಬಲ್ಲ ಫಂಕ್ಷನ್‌ಗಳು. ಅರ್ಧದಲ್ಲಿ ನಿಂತ ಕೊರೂಟೀನ್ ಮತ್ತೆ ಎಂದೂ ಓಡದಿದ್ದರೆ ಅದರ ಬ್ಲಾಕ್ ಮುಗಿಯುವುದಾದರೂ ಹೇಗೆ?

ಲುವಾವನ್ನು ತಮ್ಮ ತಂತ್ರಾಂಶದಲ್ಲಿ ಅಳವಡಿಸಿದವರ ಉತ್ತರ

ಮುಗಿಯುವುದಿಲ್ಲ. ಲುವಾ ಭಾಷೆಯ 5.4 ಆವೃತ್ತಿ ಇದನ್ನು ಮುಚ್ಚಿಡದೆ ಒಪ್ಪಿಕೊಂಡಿದೆ. 2020ರಲ್ಲಿ ಬಂದ ಆ ಆವೃತ್ತಿಯಲ್ಲಿ ಲೋಕಲ್ ವೇರಿಯಬಲ್‌ಗೆ ‘ಕ್ಲೋಸ್’ ಎಂಬ ಗುರುತು ಹಾಕಬಹುದು. ಬ್ಲಾಕ್‌ನಿಂದ ಯಾವ ದಾರಿಯಲ್ಲಿ ಹೊರಬಂದರೂ ಅದು ಮುಚ್ಚಿಕೊಳ್ಳುತ್ತದೆ. ನಿಂತೇಹೋದ ಕೊರೂಟೀನ್‌ನಲ್ಲಿ ಹಾಗಾಗದು, ಅದಕ್ಕಾಗಿಯೇ ಕೊರೂಟೀನ್ ಅನ್ನು ಹೊರಗಿನಿಂದ ಮುಚ್ಚುವ ಫಂಕ್ಷನ್ ಒಂದನ್ನು ಅದೇ ಆವೃತ್ತಿಯಲ್ಲಿ ಕೊಟ್ಟಿದ್ದಾರೆ. ಅದನ್ನೂ ಕರೆಯದವರಿಗೆ ಕೊನೆಯ ಆಸರೆಯಾಗಿ ಆಬ್ಜೆಕ್ಟ್‌ನ ಫೈನಲೈಸರ್ ಉಳಿಯುತ್ತದೆ.

ಪುಟ್ಟ ವರ್ಚುವಲ್ ಮೆಷೀನ್‌ಗೆ ಲುವಾದ ನಿಯಮಗಳು ಒಳ್ಳೆಯ ಮಾದರಿ. ಆಬ್ಜೆಕ್ಟ್‌ನ ನಡವಳಿಕೆಯನ್ನು ತಿಳಿಸುವ ಮೆಟಾಟೇಬಲ್ ಜೋಡಿಸುವ ಹೊತ್ತಿಗೇ ಅದರಲ್ಲಿ ಫೈನಲೈಸರ್ ಇದ್ದರೆ ಮಾತ್ರ ಆಬ್ಜೆಕ್ಟ್‌ಗೆ ಗುರುತು ಬೀಳುತ್ತದೆ, ಆಮೇಲೆ ಸೇರಿಸಿದರೆ ಬೀಳುವುದಿಲ್ಲ. ಹೀಗಿರುವುದರಿಂದ ಕಲೆಕ್ಟರ್ ಫೈನಲೈಸರ್ ಇರುವವನ್ನಷ್ಟೇ ಪ್ರತ್ಯೇಕ ಪಟ್ಟಿಯಲ್ಲಿ ಇಟ್ಟುಕೊಳ್ಳಬಹುದು. ಗುರುತು ಬಿದ್ದ ಕ್ರಮಕ್ಕೆ ವಿರುದ್ಧವಾಗಿ, ಕೊನೆಯದು ಮೊದಲು ಎಂಬಂತೆ ಅವು ಓಡುತ್ತವೆ. ಮೆಷೀನ್ ಮುಚ್ಚುವಾಗ ಉಳಿದ ಎಲ್ಲವೂ ಇದೇ ಕ್ರಮದಲ್ಲಿ ಓಡುತ್ತವೆ. ಫೈನಲೈಸರ್‌ನಲ್ಲಿ ಎದ್ದ ದೋಷ ಮೊದಲು ಸಂಬಂಧವೇ ಇಲ್ಲದ ಕೋಡ್‌ನ ನಡುವೆ ಹೊರಬೀಳುತ್ತಿತ್ತು, 5.4ರಲ್ಲಿ ಅದು ಬರಿಯ ಎಚ್ಚರಿಕೆಯಾಗಿದೆ. ಇದನ್ನು ನೀವೂ ಪಾಲಿಸಿ.

ಎರ್ಲಾಂಗ್ ಬಳಸುವವರ ಉತ್ತರ

ಬ್ಲಾಕ್‌ಗೆ ಬದಲು ಪ್ರೋಸೆಸ್‌ಗೆ ಕಟ್ಟುವುದೂ ಸಾಧ್ಯ. ಎರ್ಲಾಂಗ್‌ನ ವರ್ಚುವಲ್ ಮೆಷೀನ್ ಆದ ಬೀಮ್‌ನಲ್ಲಿ, ಹೊರಗಿನ ಲೋಕದೊಂದಿಗೆ ಸಂಪರ್ಕ ಕೊಡುವ ಪ್ರತಿ ಪೋರ್ಟ್‌ಗೂ ಒಡೆಯನಾದ ಪ್ರೋಸೆಸ್ ಇರುತ್ತದೆ, ಆ ಪ್ರೋಸೆಸ್ ಸತ್ತರೆ ಪೋರ್ಟ್ ತಾನೇ ಮುಚ್ಚಿಕೊಳ್ಳುತ್ತದೆ. ಬ್ಲಾಕ್ ದಾಟಿ ಬದುಕಬೇಕಾದ ಸಾಕೆಟ್‌ಗಳಿಗೆ ಇದು ಹೆಚ್ಚು ಹೊಂದುತ್ತದೆ. ನಿಮ್ಮ ಕೊರೂಟೀನ್‌ಗಳಿಗೂ ಇಂಥ ಒಡೆತನವನ್ನು ಕೊಡುವುದನ್ನು ಯೋಚಿಸಿ.

ಪೈಥಾನ್ ಎಕ್ಸ್‌ಟೆನ್ಶನ್ ಬರೆಯುವವರ ಸೇರ್ಪಡೆ

ಪರೀಕ್ಷೆಯ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಇದನ್ನು ಸೇರಿಸುತ್ತೇನೆ. ಫೈಲ್ ಮುಚ್ಚದೆ ಬಿಟ್ಟ ಆಬ್ಜೆಕ್ಟ್ ಫೈನಲೈಸರ್‌ಗೆ ಸಿಕ್ಕರೆ ಅದು ಮೌನವಾಗಿ ಮುಚ್ಚದೆ, ಯಾವ ಸಾಲಿನಲ್ಲಿ ತೆರೆದದ್ದೆಂಬುದನ್ನು ತಿಳಿಸಿ ಮುಚ್ಚುವಂತೆ ಮಾಡಿ. ಪೈಥಾನ್ 3.2ರಿಂದ ರಿಸೋರ್ಸ್‌ವಾರ್ನಿಂಗ್ ಎಂಬ ಎಚ್ಚರಿಕೆ ಇದಕ್ಕಾಗಿಯೇ ಇದೆ. ಜೊತೆಗೆ ಪ್ರತಿ ಅಲೊಕೇಶನ್‌ಗೂ ಪೂರ್ಣ ಕಲೆಕ್ಷನ್ ಓಡಿಸುವ ಒಂದು ಸ್ವಿಚ್ ಇಡಿ. ಅದು ತುಂಬಾ ನಿಧಾನ, ಆದರೆ ಸಿ ಕೋಡ್‌ನ ಲೋಕಲ್ ವೇರಿಯಬಲ್‌ನಲ್ಲಷ್ಟೇ ಇದ್ದು ಕಲೆಕ್ಟರ್‌ನ ಬೇರುಪಟ್ಟಿಗೆ (ಅದರ ಹುಡುಕಾಟ ಶುರುವಾಗುವ ತಾಣಗಳ ಪಟ್ಟಿಗೆ) ಸೇರದ ಆಬ್ಜೆಕ್ಟ್‌ಗಳು ಮೊದಲ ಓಟದಲ್ಲೇ ಸಿಕ್ಕಿಬೀಳುತ್ತವೆ.