ಸಹಾಯ ಬೇಕು: ಹಳೇ ಕಾರಿನೊಳಗೆ ಹೊಗೆ ವಾಸನೆ, ಎಲ್ಲಿಂದ ಬರುತ್ತಿದೆ?

ಎಲ್ಲರಿಗೂ ನಮಸ್ಕಾರ. ನನ್ನದು 18 ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಒಂದು ತಿಂಗಳಿಂದ ಒಳಗೆ ಸೈಲೆನ್ಸರ್ ಹೊಗೆಯ ವಾಸನೆ. ಗಾಡಿ ನಿಂತಿದ್ದಾಗ ಏನೂ ಇಲ್ಲ. ವೇಗ 50 ದಾಟಿದ ಮೇಲೆ, ಅದೂ ಹಿಂದಿನ ಕಿಟಕಿ ಇಳಿಸಿದ್ದರೆ, ಜಾಸ್ತಿ. ಹಿಂದೆ ಕೂರುವ ಮಗಳಿಗೆ ಅರ್ಧ ಗಂಟೆಯಲ್ಲೇ ತಲೆನೋವು ಶುರುವಾಗುತ್ತದೆ. ನನಗೆ ನಿಜವಾಗಿಯೂ ಭಯವಾಗಿದೆ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ವಾಸನೆ ಕಡಿಮೆಯಾಯಿತು ಅಂತ ಸುಮ್ನೆ ಕೂರುವ ಹಾಗಿಲ್ಲ, ಅಲ್ವಾ?

ಗ್ಯಾರೇಜಿನಲ್ಲಿ ಸೈಲೆನ್ಸರ್ ಬದಲಿಸಿದರು. ಪ್ರಯೋಜನ ಆಗಲಿಲ್ಲ. ಆಮೇಲೆ ನಾನೇ ಡಿಕ್ಕಿ ಬಾಗಿಲಿನ ರಬ್ಬರ್ ನೋಡಿದೆ. ಕಾಗದದ ಚೂರು ಸಿಕ್ಕಿಸಿ, ಬಾಗಿಲು ಮುಚ್ಚಿ ಎಳೆದೆ. ಎಲ್ಲ ಕಡೆ ಬಿಗಿಯಾಗಿ ಹಿಡಿಯಿತು, ಎಡಗಡೆ ಕೆಳಮೂಲೆಯಲ್ಲಿ ಮಾತ್ರ ಸಲೀಸಾಗಿ ಜಾರಿ ಬಂತು. ಅಲ್ಲೇ ತಗಡಿನ ಮೇಲೆ ಬೆರಳು ಸವರಿದರೆ ಕಪ್ಪು ಮಸಿ. ಗಾಡಿ ಓಡುವಾಗ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಹೊಗೆ ಅಲ್ಲೇ ಸುಳಿಯುತ್ತದೆ, ಆ ಸಂದಿಯಿಂದ ಒಳಗೆ ಬರುತ್ತಿದೆ ಎಂಬುದು ನನ್ನ ಲೆಕ್ಕ.

ಇನ್ನೊಂದು ಅನುಮಾನವೂ ಇದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಕಡೆಯಿಂದ ಟಿಕ್ ಟಿಕ್ ಸದ್ದು, ಬಿಸಿಯಾದ ಮೇಲೆ ನಿಲ್ಲುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ (ಎಂಜಿನ್ನಿಗೆ ಹೊಗೆ ಕೊಳವೆ ಸೇರುವ ಜಾಗದ ಸೀಲ್) ಲೀಕ್ ಇರಬಹುದಾ? ರಬ್ಬರ್ ಹಾಕಿಸುವ ಮೊದಲು ಸ್ಮೋಕ್ ಟೆಸ್ಟ್ (ಪೈಪಿನೊಳಗೆ ಹೊಗೆ ತುಂಬಿಸಿ ಸೋರುವ ಜಾಗ ಹುಡುಕುವ ಪರೀಕ್ಷೆ) ಮಾಡಿಸಬೇಕಾ? ಟೈಲ್‌ಲೈಟ್ ಹಿಂದೆ, ವೈರ್ ಒಳಗೆ ಬರುವ ತೂತುಗಳಲ್ಲಿ ಏನನ್ನು ನೋಡಬೇಕು?

ಇದೇ ತೊಂದರೆ ಸರಿಮಾಡಿಕೊಂಡವರು ದಯವಿಟ್ಟು ಹೇಳಿ. ಅಲ್ಲಿಯವರೆಗೆ ಗಾಡಿ ಹೊರಗೆ ತೆಗೆಯುವುದಿಲ್ಲ.